ಡಿಪೋ ಮರಗಳ ಗಟ್ಟಿತನ

ಒಳ್ಳೆಯದನ್ನು ಮೊದಲು ಹೇಳಿ, ಕೆಟ್ಟದ್ದನ್ನು ಆಮೇಲೆ ಸದ್ದಿಲ್ಲದೆ ದಾಟಿಸುವುದು ಮೆಲ್ಲಮ್ಮನ ಹುಟ್ಟುಗುಣ. ಮೆಲ್ಲಮ್ಮ ಎಂಬುದು ಅಕ್ಕ ಇಟ್ಟ ಅಡ್ಡಹೆಸರು. ಗಂಟಲಿನಿಂದ ಹೊರಟ ಮಾತು ತುಟಿ ಮುಟ್ಟುವಷ್ಟರಲ್ಲಿ ಅರ್ಧ ಕರಗಿರುತ್ತದೆಂದು ಮನೆಯಲ್ಲಿ ಶುರುವಾದ ಹೆಸರು ಪ್ರಯೋಗಾಲಯದವರೆಗೂ ಬೆನ್ನುಹತ್ತಿ ಬಂದಿತ್ತು. ಈ ಗುಣದಿಂದ ಇದುವರೆಗೆ ಯಾರಿಗೂ ಕೇಡಾಗಿರಲಿಲ್ಲ. ಈಗ ಒಂದು ಸಾಲು ಮರಗಳ ಜೀವಕ್ಕೇ ಬಂದಿತ್ತು.

ಬಸ್ ಡಿಪೋದ ಗೋಡೆಗುಂಟ ನಿಂತ ಮರಗಳವು. ಅವುಗಳ ಎಲೆ ಕತ್ತರಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿ ತಂದು, ತಣ್ಣಗಿನ ಒರಳಲ್ಲಿ ಅರೆದು ರಸ ತೆಗೆಯುವುದು ಅವಳ ಕೆಲಸ. ರಸಕ್ಕೆ ಒಂದು ನೀಲಿ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಎಲೆಯಲ್ಲಿರುವ ವಿಟಮಿನ್ ಸಿ ಆ ಬಣ್ಣವನ್ನು ನುಂಗುತ್ತದೆ. ನುಂಗಿ ನುಂಗಿ ಸಾಕಾದಾಗ ತಿಳಿಗುಲಾಬಿ ಉಳಿಯುತ್ತದೆ. ಹೆಚ್ಚು ನುಂಗಿದರೆ ಹೊಗೆಯ ವಿಷ ತಡೆಯುವ ಶಕ್ತಿ ಎಲೆಯಲ್ಲಿ ಹೆಚ್ಚಿದೆ ಎಂದರ್ಥ.

ಬೆಳಗಿನ ಹೊತ್ತು ಎಂಜಿನ್ ಚಾಲೂ ಇಟ್ಟು ಬಸ್ಸುಗಳನ್ನು ನಿಲ್ಲಿಸುವುದು ಎಲ್ಲಿ, ಹಿಂದಿನ ಬಯಲಿನಲ್ಲೋ ಮರದಡಿಯೋ ಎಂದು ತೀರ್ಮಾನಿಸಲು ಡಿಪೋ ಮ್ಯಾನೇಜರು ಸಭೆ ಕರೆದಿದ್ದರು. ಮೆಲ್ಲಮ್ಮ ಎದ್ದು ನಿಂತು, ಹೊಗೆ ಕಾಣದ ಉದ್ಯಾನದ ಮರಗಳಿಗಿಂತ ಡಿಪೋ ಮರಗಳಲ್ಲಿ ವಿಟಮಿನ್ ಸಿ ಹೆಚ್ಚಿದೆ ಎಂದಳು. ಅಷ್ಟೇ ಸಾಕಾಯಿತು. ಮ್ಯಾನೇಜರು ಮೇಜು ಕುಟ್ಟಿದರು.

"ನೋಡ್ರಿ, ನಮ್ಮ ಹೊಗೆ ಕುಡಿದು ಮರಗಳು ಪೈಲ್ವಾನ್ ಆಗಿವೆ!"

ಎಲ್ಲರೂ ನಕ್ಕರು. ಚಹಾ ಬಂತು. ಹೊಗೆಯ ಸಂಕಟಕ್ಕೆ ಮರ ತನ್ನ ರಕ್ಷಣೆ ಹೆಚ್ಚಿಸಿಕೊಂಡಿದೆ, ಹೊರೆ ಇನ್ನೂ ಏರಿದರೆ ಅದೂ ಬರಿದಾಗುತ್ತದೆ ಎಂಬ ಉಳಿದ ಮಾತನ್ನು ಅವಳು ಹೇಳಿದ್ದು ನಿಜ. ಆದರೆ ಕೇಳಿಸಿಕೊಂಡದ್ದು ಬಿಸ್ಕತ್ತಿನ ತಟ್ಟೆ ಮಾತ್ರ. ಮುಂದಿನ ವಾರವೇ ಬಸ್ಸುಗಳೆಲ್ಲ ಮರದಡಿ ಸಾಲುಗಟ್ಟಿದವು. ಜೊತೆಗೆ ನೆರಳೂ ಸಿಕ್ಕಿತೆಂದು ಚಾಲಕರಿಗೆ ಖುಷಿಯೋ ಖುಷಿ.

ತಿಂಗಳು ಕಳೆದು ಮತ್ತೆ ಎಲೆ ತಂದಳು. ಈ ಸಲ ಕೆಲವೇ ಹನಿಗೆ ಗುಲಾಬಿ ಬಂದುಬಿಟ್ಟಿತು. ಕೈತಪ್ಪಿರಬಹುದೆಂದು ಮತ್ತೊಮ್ಮೆ ಅರೆದಳು. ಮತ್ತೆ ಗುಲಾಬಿ. ಮರಗಳ ಬಳಿ ಉಳಿದಿದ್ದು ಇಷ್ಟೇ.

ಪ್ರಯೋಗಾಲಯದ ಪ್ರೊಫೆಸರರ ಬಳಿ ಓಡಿದರೆ ಅವರು ಕನ್ನಡಕ ಒರೆಸುತ್ತ, ಡಿಪೋಗೆ ಕೊಟ್ಟ ವರದಿಯ ಕೊನೆಯ ಪುಟದಲ್ಲಿ ಎಲ್ಲ ಬರೆದಿದೆಯಲ್ಲಮ್ಮ, ಓದದಿದ್ದರೆ ನಾವೇನು ಮಾಡೋಣ ಎಂದು ಕೈಚೆಲ್ಲಿದರು. ಡಿಪೋಗೆ ಫೋನ್ ಮಾಡಿದರೆ ಗುಮಾಸ್ತರು, "ಆ ಗಟ್ಟಿ ಮರದ ಮೇಡಮ್ಮಾ?" ಎಂದು ಅಕ್ಕರೆಯಿಂದ ಕೇಳಿದರು. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಮೆಲ್ಲಗೆ ಕೆಳಗಿಟ್ಟಳು.

ಮನೆಗೆ ಬಂದರೆ ಅಲ್ಲೂ ಅದೇ ಕಥೆ. ಶಾಲೆಯಲ್ಲಿ ದಿನವಿಡೀ ಪಾಠ ಹೇಳಿ ಬಂದ ಅಕ್ಕನ ಮುಂದೆ ಚಿಕ್ಕಮ್ಮ ತನ್ನ ಹರಿದ ದಿಂಬಿನ ಚೀಲಗಳ ಗಂಟು ತಂದಿಟ್ಟು, ನಿನ್ನದು ಗಟ್ಟಿ ಜೀವ, ನಿನಗೇನಾಗತ್ತೆ ಎನ್ನುತ್ತಿದ್ದಳು. ಅಕ್ಕ ಹೊಲಿಗೆ ಯಂತ್ರದ ಮುಂದೆಯೇ ತೂಕಡಿಸುತ್ತಿದ್ದಳು. ಮೆಲ್ಲಮ್ಮ ಅವಳ ಕೈಯಿಂದ ದಿಂಬಿನ ಚೀಲ ಕಿತ್ತುಕೊಂಡು, ಡಿಪೋದ ಗೋಳನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡಳು.

ಅಕ್ಕ ಕಣ್ಣುಜ್ಜಿಕೊಂಡಳು. "ನೀನು ಮೊದಲೇ ಸಕ್ಕರೆ ಬಾಯಿಗೆ ಹಾಕಿಬಿಡ್ತೀಯ ಕಣೇ. ಆಮೇಲೆ ಔಷಧಿಗೆ ಯಾರು ಬಾಯಿ ತೆಗೀತಾರೆ?"

ಮರುದಿನ ಬೆಳಿಗ್ಗೆ ಅವಳು ಡಿಪೋಗೆ ಹೋದಾಗ ಮರದಡಿ ಬಸ್ಸುಗಳೆಲ್ಲ ಗುರುಗುಡುತ್ತಿದ್ದವು. ಎಲೆಗಳ ಮೇಲೆ ಮಸಿ ಬೂದಿಯಂತೆ ಕೂತಿತ್ತು. ಅಂಚುಗಳು ಸುಟ್ಟ ಕಾಗದದ ಹಾಗೆ ಕಂದಿದ್ದವು. ಮ್ಯಾನೇಜರು ದೂರದಿಂದಲೇ ನಕ್ಕು, ಬನ್ನಿ ಮೇಡಂ, ನಿಮ್ಮ ಪೈಲ್ವಾನರು ಹೇಗಿದ್ದಾರೆ ಎಂದರು. ಹಳೆಯ ಅಭ್ಯಾಸ ನಾಲಿಗೆಯ ತುದಿಗೆ ಬಂತು: ಮೊದಲು ನಮಸ್ಕಾರ, ಆಮೇಲೆ ಅವರ ಸಹಕಾರಕ್ಕೆ ಧನ್ಯವಾದ, ಆಮೇಲೆ... ಅವಳು ಅದನ್ನು ನುಂಗಿಕೊಂಡಳು.

"ಸಾಯ್ತಾ ಇವೆ ಸಾರ್."

ಎಂಜಿನ್ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಏನಂದ್ರಿ ಎಂದು ಕಿವಿಗೆ ಕೈಯಿಟ್ಟರು.

"ಸಾಯ್ತಾ ಇವೆ!" ತನ್ನ ದನಿಗೆ ತಾನೇ ಬೆಚ್ಚಿದಳು. ಪಕ್ಕದ ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ. "ಅವತ್ತು ಹೆಚ್ಚಿದ್ದದ್ದು ಶಕ್ತಿ ಅಲ್ಲ ಸಾರ್, ಒದ್ದಾಟ. ಈಗ ಅದೂ ಮುಗೀತು. ಬಸ್ಸು ಇಲ್ಲೇ ಇಟ್ರೆ ಮುಂದಿನ ವರ್ಷ ನಿಮಗೆ ನೆರಳೂ ಇರಲ್ಲ."

ಮ್ಯಾನೇಜರು ಒಂದು ಎಲೆ ಕಿತ್ತರು. ಬೆರಳಿಗೆ ಮಸಿ ಹತ್ತಿತು. ಅದನ್ನೂ ಅವಳನ್ನೂ ಸರದಿಯಂತೆ ನೋಡಿದರು. ಆಮೇಲೆ, ಇಡೀ ಲೋಕದಲ್ಲಿ ತಮಗೊಬ್ಬರಿಗೇ ಅನ್ಯಾಯವಾದವರಂತೆ ಮುಖ ಮಾಡಿ ಅಂದರು:

"ಅಲ್ಲಮ್ಮಾ, ಇದನ್ನ ಮೊದಲೇ ಹೇಳಬಾರದಿತ್ತಾ?"

ಮೆಲ್ಲಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಸೀಟಿ ಊದಿ, ಎಲ್ಲರೂ ಬಯಲಿಗೆ ನಡೀರಿ ಎಂದು ಕೈ ಬೀಸತೊಡಗಿದ್ದರು. ಗೊಣಗುತ್ತ, ನೆರಳು ತಪ್ಪಿತೆಂದು ಶಾಪ ಹಾಕುತ್ತ, ಬಸ್ಸುಗಳು ಒಂದೊಂದಾಗಿ ಕದಲಿದವು. ಕೊನೆಗೆ ಗೋಡೆಯ ಮೂಲೆಯಲ್ಲಿ ಒಂದೇ ಒಂದು ಗಾಡಿ ಗುರುಗುಡುತ್ತ ಉಳಿಯಿತು. ಅದು ಮ್ಯಾನೇಜರ ಸ್ವಂತ ಜೀಪು; ಅವರು ಅದರೊಳಗೆ ಹೋಗಿ ಕೂತಿದ್ದರು.

ಅವಳು ಹತ್ತಿರ ಹೋಗಿ ಅದರ ಕಿಟಕಿ ತಟ್ಟಿದಳು.