ಹಳೇ ಪಟ್ಟಿ, ಅಳೆ ಪಟ್ಟಿ

ಶಾಗ್ಯದ ಆಚೆಗಿನ ತೋಟದಲ್ಲಿ ಟೆಂಪೊ ನಮ್ಮನ್ನಿಳಿಸಿ ಹೋದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ನಮ್ಮ ಕುದುರೆ ಕೆಂಚಿಯನ್ನು ಹುಣಸೆ ಮರಕ್ಕೆ ಕಟ್ಟಿ, ಮೈ ಉಜ್ಜಿ, ಜೀನನ್ನು ಬೆನ್ನ ಮೇಲಿಟ್ಟೆ. ಅದನ್ನು ಹೊಟ್ಟೆಗೆ ಬಿಗಿಯುವ ಪಟ್ಟಿಗಾಗಿ ಚೀಲದೊಳಗೆ ಕೈ ಹಾಕಿದೆ. ಲಗಾಮು ಸಿಕ್ಕಿತು. ಹೆಲ್ಮೆಟ್ಟು, ಬ್ರಷ್ಷು, ಬೆಲ್ಲದ ಪೊಟ್ಟಣ ಸಿಕ್ಕವು. ತಳದಲ್ಲಿ ದುಂಡಗೆ, ತಣ್ಣಗೆ ಏನೋ ತಾಕಿತು. ಹೊರಗೆಳೆದು ನೋಡಿದರೆ, ಕುದುರೆ ಹಾರಬೇಕಾದ ಕಂಬಗಳ ಎತ್ತರ ಅಳೆಯುವ ಟೇಪು.

"ಗೌರಕ್ಕ, ಪಟ್ಟಿ ಎಲ್ಲಿ?"

ಪುಟ್ಟಗೌರಮ್ಮ ಮುಳ್ಳೂರಿನ ನಮ್ಮ ಲಾಯದಲ್ಲಿ ಮೇವು, ನೀರು, ಲದ್ದಿ ಎಲ್ಲವನ್ನೂ ನೋಡಿಕೊಳ್ಳುವವಳು. ಹಿಂದಿನ ಸಂಜೆ ಚೀಲ ತುಂಬಿದ್ದು ಅವಳೇ.

"ನಿನ್ ಕೈಯಲ್ಲೇ ಅದಲ್ಲಮ್ಮಿ."

"ಇದು ಟೇಪು."

"ಊಂ, ಅಳೆ ಪಟ್ಟಿ. ಒಸ್ದು ಬ್ಯಾಡ, ಅಳೆ ಪಟ್ಟಿ ಮಡುಗು ಅಂದ್ಯಲ್ಲ. ಒಸ್ದ ತೆಗ್ದೆ, ಅಳೆ ಪಟ್ಟಿ ಮಡುಗ್ದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊಸ ಪಟ್ಟಿ ಗಡುಸು, ಕೆಂಚಿಯ ಮುಂಗಾಲಿನ ಹಿಂದೆ ಉಜ್ಜುತ್ತಿತ್ತು. ಅದಕ್ಕೇ ಹಳೇ ಪಟ್ಟಿ ಇಡು ಎಂದಿದ್ದೆ. ನಮ್ಮ ಕಡೆ ಹಳೇದೆಲ್ಲ ಅಳೇದೇ. ಅಗರದ ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತೇವೆ. ಆದರೆ ಗೌರಕ್ಕ ಆ ಟೇಪಿಗೂ ಅಳೆ ಪಟ್ಟಿ ಅನ್ನುತ್ತಾಳೆ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಮೆಲ್ಲಗೆ ಒಂದು ಸಲ ಹೇಳಿ ಬಸ್ಸಿಗೆ ಓಡಿದ್ದೆ.

"ಕುದ್ರೆ ಪಟ್ಟಿ ಜೀನಲ್ಲೇ ಅದೆ ಅಂದ್ಕಂಡೆ ಕಣಮ್ಮಿ," ಎಂದಳು ಗೌರಕ್ಕ. ಅವಳ ಮುಖ ಸಣ್ಣಗಾಗಿತ್ತು. "ಈಗೇನ್ ಮಾಡದು?"

ಜೀನಿನ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಟೆಂಪೊದವನು ಹನೂರಿನಿಂದ ಬೇರೆ ಬಾಡಿಗೆ ಹಿಡಿದು ಹೋಗಿದ್ದ, ಮಧ್ಯಾಹ್ನಕ್ಕೇ ಬರುವುದು. ಹನೂರು ದಾಟಿ, ಕೊಳ್ಳೇಗಾಲ ದಾಟಿ, ಮುಳ್ಳೂರಿಗೆ ಹೋಗಿ ಯಾರಾದರೂ ತರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿರುತ್ತಿತ್ತು.

ಅದು ಇವೆಂಟಿಂಗ್ ಸ್ಪರ್ಧೆ. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಅಂದರೆ ಅಂಗಳದೊಳಗೆ ಹೇಳಿದ ಹಾಗೆ ಶಿಸ್ತಾಗಿ ನಡೆಸುವುದು, ಓಡಿಸುವುದು. ಆಮೇಲೆ ಹೊಲ, ಹಳ್ಳ, ದಿಮ್ಮಿ ಹಾರಿಕೊಂಡು ಹೋಗುವ ಕ್ರಾಸ್ ಕಂಟ್ರಿ. ಕೊನೆಗೆ ಬಣ್ಣದ ಕಂಬಗಳ ಜಂಪಿಂಗ್. ಗೆಲ್ಲುವ ಆಸೆ ನನಗಿರಲಿಲ್ಲ. ಮೂರನ್ನೂ ಮುಗಿಸಿದರೆ ಸಾಕಿತ್ತು. ಮುಗಿಸಿದವರಿಗೆ ಮಾತ್ರ ಮೈಸೂರಿನಲ್ಲಿ ಸವಾರಿ ಕಲಿಸುವವರ ತರಬೇತಿಗೆ ಸೇರಲು ಅವಕಾಶ. ನಮ್ಮ ಕಡೆ ಇಂಥ ಸ್ಪರ್ಧೆ ಮತ್ತೆ ನಡೆಯುವುದು ಮುಂದಿನ ವರ್ಷ. ಅಲ್ಲಿಯವರೆಗೆ ಅವ್ವ ಕಾಯುವುದಿಲ್ಲ. ಬಿ.ಎ. ಮುಗಿದ ಮೇಲೆ ಬಿ.ಎಡ್. ಮಾಡು ಎಂದು ಅವಳು ಹೇಳುತ್ತಲೇ ಇದ್ದಳು. ಈ ಒಂದು ಸಲ ನೋಡುತ್ತೇನೆ, ಆಗದಿದ್ದರೆ ನಿನ್ನ ಮಾತೇ ಎಂದು ಒಪ್ಪಿಕೊಂಡು ಬಂದಿದ್ದೆ.

ಶಿವನಂಜಯ್ಯನವರು ಕೋಲೂರಿಕೊಂಡು ಬಂದರು. ಸೈನ್ಯದ ಕುದುರೆಪಡೆಯಲ್ಲಿ ದಫೇದಾರರಾಗಿದ್ದವರು. ನಿವೃತ್ತರಾಗಿ ಬಂದು ಮುಳ್ಳೂರಿನ ತಮ್ಮ ಹೊಲದಲ್ಲಿ ಲಾಯ ಕಟ್ಟಿ ಸುತ್ತಲಿನ ಮಕ್ಕಳಿಗೆ ಸವಾರಿ ಕಲಿಸುತ್ತಾರೆ. ಈಗ ಮಂಡಿ ನೋವು. ಮಕ್ಕಳ ಕೆಲಸ ನನಗೆ ವಹಿಸಬೇಕೆಂದು ಅವರಿಗೂ ಇತ್ತು. ಅವರ ಅನುಮಾನ ಒಂದೇ. "ಕುದ್ರೆ ಮ್ಯಾಲೆ ಕುಂತ್ರೆ ಸರಿಯಾಗಿದ್ದೀಯೆ ಮಗಾ. ಕೆಳಗಿಳುದ್ರೆ ಬಾಯೇ ಇಲ್ಲ. ಅಂಗಳದ ಆ ಮೂಲೇಲಿರೋ ಐಕ್ಳಿಗೆ ನಿನ್ ಮಾತು ಕೇಳ್ಸದೆಂಗೆ?"

ಪಟ್ಟಿಯ ವಿಷಯ ಕೇಳಿ ಅವರು ಬಯ್ಯಲಿಲ್ಲ. ಕೆಂಚಿಯ ಹೊಟ್ಟೆಯ ಕಡೆ ನೋಡಿದರು. ಕೆಂಚಿ ನಾಡಕುದುರೆ, ಗಿಡ್ಡ. ಬೆಂಗಳೂರು, ಊಟಿಯಿಂದ ಬಂದಿದ್ದ ಕುದುರೆಗಳೆಲ್ಲ ಅವಳಿಗಿಂತ ಎರಡು ಗೇಣು ಎತ್ತರ.

"ಅವ್ರ ಪಟ್ಟಿ ಇವಳಿಗೆ ಜೋಲಾಡ್ತದೆ," ಎಂದರು.

"ಅಗ್ಗ ಬಿಗುದ್ರೆ ಆಗಾಕಿಲ್ವಾ ಸಾ?" ಎಂದಳು ಗೌರಕ್ಕ.

"ಹಸಾ ಅಲ್ಲ ಕಣಮ್ಮ, ಹಗ್ಗ ಬಿಗ್ಯಕ್ಕೆ. ಹಾರುವಾಗ ಜೀನು ಜಾರುದ್ರೆ ಇವಳ ತಲೆ ಕೆಳಗೆ."

ಗೌರಕ್ಕ ಸುಮ್ಮನಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಡೇರೆಗಳ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಗುಲಾಬಿ ಬಣ್ಣದ್ದೊಂದನ್ನು ಹಿಡಿದುಕೊಂಡು ಬಂದಳು. ಅದು ಹೆಂಗಸರು ಸೊಂಟ ನೋವಿಗೆ ಕಟ್ಟಿಕೊಳ್ಳುವ ಬೆಲ್ಟು.

"ಒಟ್ಟೆಗೆ ಕಟ್ಟೋ ಪಟ್ಟಿ ಇದ್ದದಾ ಅಂತ ಕೇಳುದ್ರೆ ಡೇರೇಲಿದ್ದ ಒಬ್ಬಮ್ಮ ಕಾರಿಂದ ಇದ್ನ ತೆಗ್ದು ಕೊಟ್ಟು, ಬಾಣ್ತಿಗೆ ಎಷ್ಟ್ ತಿಂಗ್ಳು ಅಂದ್ರು. ಬಾಣ್ತಿ ಅಲ್ಲ ಕಣ್ರವ್ವ, ಕುದ್ರೆ ಅಂದೆ. ನಗಾಡ್ಕಂಡು ಒಂಟೋದ್ರು."

ಶಿವನಂಜಯ್ಯನವರೂ ನಕ್ಕುಬಿಟ್ಟರು. ಅಷ್ಟರಲ್ಲಿ ಅರಿಶಿನದ ಹೊಲದ ಬದುವಿನ ಹತ್ತಿರ ಒಂದು ಕುದುರೆ ಕಣ್ಣಿಗೆ ಬಿತ್ತು. ಗಿಡ್ಡ, ಬಾದಾಮಿ ಬಣ್ಣ, ಕೆಂಚಿಯಷ್ಟೇ ಅಗಲದ ಹೊಟ್ಟೆ. ಅದರ ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬಳು ಬೂಟು ಒರೆಸಿಕೊಳ್ಳುತ್ತಿದ್ದಳು.

ನಾನು ಆ ಕಡೆ ನಡೆದೆ. ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೆ. ನಮಸ್ಕಾರ, ನನ್ನ ಹೆಸರು ಪುಷ್ಪ, ಮುಳ್ಳೂರಿನಿಂದ ಬಂದಿದ್ದೇವೆ, ಒಂದು ತೊಂದರೆಯಾಗಿದೆ. ಹತ್ತಿರ ಹೋಗಿ ನಿಂತ ಮೇಲೆ ಆ ಜೋಡಣೆಯಲ್ಲಿ ಒಂದೂ ಉಳಿಯಲಿಲ್ಲ. ಕುದುರೆಯ ಹೊಟ್ಟೆಯನ್ನೇ ನೋಡುತ್ತ ನಿಂತೆ.

"ಏನ್ರೀ, ನಮ್ ಬಾದಾಮಿ ಹೊಟ್ಟೆ ಅಂಗ್ ನೋಡ್ತಿದ್ದೀರ? ಪಾಪ, ಡಯಟಲ್ಲಿ ಅವ್ಳೆ ಕಣ್ರೀ, ದೃಷ್ಟಿ ಹಾಕ್‌ಬ್ಯಾಡಿ."

"ಪಟ್ಟಿ ಬೇಕು," ಎಂದೆ.

"ಯಾವ್ ಪಟ್ಟಿ?"

ನಾನು ಬೆರಳು ತೋರಿಸಿದೆ.

"ಇದಾ? ಕೊಟ್ರೆ ನಾನೆಲ್ಲಿ ಕುಂತ್ಕಳ್ಳಿ?"

"ನಿಮ್ಮದಾದ ಮೇಲೆ. ನಾವು ತರೋದು ಮರೆತು ಬಂದಿದ್ದೀವಿ. ಅದರ ಬದಲು..." ಕೈಯಲ್ಲಿ ಇನ್ನೂ ಟೇಪು ಇತ್ತು. ಅದನ್ನು ತೋರಿಸಿದೆ. ಆಮೇಲೆ ಹೇಗೋ ಹಳೇ ಪಟ್ಟಿ, ಅಳೆ ಪಟ್ಟಿಯ ಕತೆ ಪೂರ್ತಿ ಹೊರಬಂತು. ಅವಳು ಬೂಟಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು.

ಅವಳ ಹೆಸರು ರೂಪ, ಹನೂರಿನವಳು. ತಂದೆ ಪಶುವೈದ್ಯರು. ಸರದಿ ನೋಡಿದೆವು. ಅವಳಾದ ಮೇಲೆ ಊಟಿಯ ಒಬ್ಬರು, ಆಮೇಲೆ ನಾನು. ನಡುವಿನ ಒಬ್ಬರ ಹೊತ್ತಿನಲ್ಲಿ ಪಟ್ಟಿ ಬಿಚ್ಚಿ ಕಟ್ಟಬಹುದಿತ್ತು.

"ತಗಳಿ," ಎಂದಳು ರೂಪ. "ಬಿದ್ರೆ ಮಾತ್ರ ನಮ್ ಪಟ್ಟಿ ಮ್ಯಾಲೆ ಹೇಳಂಗಿಲ್ಲ."

ಡ್ರೆಸಾಜ್ ಹಾಗೆಯೇ ಆಯಿತು. ಬಾದಾಮಿಯ ಬೆವರಿನಿಂದ ಒದ್ದೆಯಾಗಿದ್ದ ಪಟ್ಟಿ ಹೊಟ್ಟೆಗೆ ತಾಕಿದಾಗ ಕೆಂಚಿ ಕಿವಿ ಹಿಂದಕ್ಕೆ ಮಡಿಸಿದಳು. ಆಮೇಲೆ ಮರೆತಳು. ಅಂಗಳದೊಳಗೆ ನಾನು ಮಾತಾಡಬೇಕಾಗಿರಲಿಲ್ಲ. ಕೈ, ಕಾಲು, ಬೆನ್ನು ಹೇಳಿದ್ದು ಅವಳಿಗೆ ಸಾಕಾಗುತ್ತದೆ. ಕ್ರಾಸ್ ಕಂಟ್ರಿಗೂ ಸರದಿ ಅದೇ ಇತ್ತು. ತೆಂಗಿನ ದಿಮ್ಮಿ, ಹುಲ್ಲಿನ ಪೆಂಡಿ, ಕೊಯ್ದ ರಾಗಿಯ ಕೂಳೆ, ಒಣ ಹಳ್ಳ. ದೂರದಲ್ಲಿ ಮಾದೇಶ್ವರನ ಬೆಟ್ಟದ ಸಾಲು ನೀಲಿಯಾಗಿ ನಿಂತಿತ್ತು. ಹಳ್ಳದ ಹತ್ತಿರ ಕೆಂಚಿ ಒಂದು ಕ್ಷಣ ಅನುಮಾನಿಸಿದಳು. ನಾನು ಕಾದೆ. ಅವಳೇ ಮನಸ್ಸು ಮಾಡಿ ಹಾರಿದಳು. ಜೀನು ಕದಲಲಿಲ್ಲ.

ತೊಂದರೆ ಬಂದದ್ದು ಆಮೇಲೆ. ಕೊನೆಯ ಜಂಪಿಂಗಿಗೆ ಸರದಿ ಬದಲಾಗುತ್ತದೆ. ಅಂಕದಲ್ಲಿ ಹಿಂದೆ ಇರುವವರು ಮೊದಲು, ಮುಂದೆ ಇರುವವರು ಕೊನೆಗೆ. ಮೈಕಿನಲ್ಲಿ ಹೆಸರು ಓದಿದರು. ಅಂಕದಲ್ಲಿ ರೂಪ ಮೂರನೆಯವಳು. ನಾನು ನಾಲ್ಕನೆಯವಳು. ಅಂದರೆ ನಾನಾದ ತಕ್ಷಣ ಅವಳು. ನಡುವೆ ಯಾರೂ ಇಲ್ಲ.

"ಅಯ್ಯೋ, ಚೆನ್ನಾಗ್ ಮಾಡ್ಬುಟ್ರಲ್ರೀ," ಎಂದಳು ರೂಪ. ತಮಾಷೆಯಾಗಿಯೇ ಅಂದರೂ ಅವಳ ಮುಖದಲ್ಲಿ ನಗು ಇರಲಿಲ್ಲ. ಗಂಟೆ ಹೊಡೆದ ಮೇಲೆ ಮುಕ್ಕಾಲು ನಿಮಿಷದೊಳಗೆ ಹೊರಡದಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ಮುಂದಿನ ಇಬ್ಬರಿಗೂ ಅವಳಿಗೂ ಇದ್ದ ಅಂತರ ಒಂದು ಕಂಬ ಬೀಳಿಸಿದರೆ ಹೋಗುವ ಅಂಕಕ್ಕಿಂತ ಕಡಿಮೆ. ಅವಳಿಗೆ ಗೆಲ್ಲುವ ದಾರಿ ಇನ್ನೂ ತೆರೆದಿತ್ತು.

"ನಾನು ಬಿಟ್ಟುಬಿಡ್ತೀನಿ," ಎಂದೆ. "ಪಟ್ಟಿ ನಿಮ್ಮದು."

ಹಾಗೆ ಅಂದಾಗ ಎದೆಯಲ್ಲಿ ಏನೋ ಹಗುರವಾದದ್ದೂ ನಿಜ. ಬಿಟ್ಟುಬಿಟ್ಟರೆ ಇನ್ನು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ರೂಪ ನನ್ನನ್ನು ನೋಡಿದಳು. "ಬುಟ್ಬುಡಾದ್ರೆ ಬೆಳಿಗ್ಗೇನೆ ಬುಡ್ಬೇಕಿತ್ತು. ಅರ್ಧ ದಿನ ನನ್ ಪಟ್ಟೀಲಿ ಸವಾರಿ ಮಾಡಿ ಈಗ್ ಬುಡ್ತಾರಂತೆ. ಓಗಿ ಜಡ್ಜ್‌ನ ಕೇಳಿ ಓಗಿ. ಗಂಟೆ ವಸಿ ತಡ ಮಾಡ್ಲಿ."

"ನೀವೇ ಕೇಳಿ."

"ನಾನ್ಯಾಕ್ ಕೇಳ್ಳಿ? ಅಳೆ ಪಟ್ಟಿ ತಂದೋಳು ನಾನಾ?"

ನಾನು ಡೇರೆಗೆ ಹೋದೆ. ಜಡ್ಜ್ ಒಬ್ಬ ಹೆಂಗಸು, ಬಿಳೀ ಕೂದಲು. ನಾನು ಹೇಳಿದ್ದು ಮೊದಲ ಸಲ ಅವರಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳಮ್ಮ," ಎಂದರು. ಎರಡನೇ ಸಲ ಹೇಳಿದೆ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ನನ್ನ ಕಿವಿ ಬಿಸಿಯಾಯಿತು.

"ಸರದಿ ಬದಲಿಸೋಕಾಗಲ್ಲ," ಎಂದರು ಅವರು. "ಸಿದ್ಧವಾಗೋವರೆಗೆ ಸ್ವಲ್ಪ ಕಾಯಬಹುದು. ಆದರೆ ಇಲ್ಲಿಂದ ಗೇಟು ಕಾಣಲ್ಲ. ಕುದುರೆ ಸಿದ್ಧವಿಲ್ಲ ಅಂತ ಅಲ್ಲಿಂದ ಯಾರಾದರೂ ಕೂಗಿ ಹೇಳಬೇಕು. ಏನೂ ಕೇಳಿಸದಿದ್ದರೆ ಗಂಟೆ ಹೊಡೆದುಬಿಡ್ತೀನಿ."

ಮರಳಿ ಬಂದು ಕೆಲಸ ಹಂಚಿಕೊಂಡೆವು. ಗೌರಕ್ಕ ಕೆಂಚಿಯನ್ನು ಹಿಡಿಯುವುದು. ನನ್ನ ಜೀನಿನಿಂದ ಪಟ್ಟಿ ಬಿಚ್ಚುವುದು ಶಿವನಂಜಯ್ಯನವರು. ಬಾದಾಮಿಗೆ ಕಟ್ಟುವುದು ರೂಪ. ಕೈ ಖಾಲಿ ಇರುವವಳು ನಾನೊಬ್ಬಳೇ.

"ಕೂಗೋದು ನೀನೇ ಮಗಾ," ಎಂದರು ಶಿವನಂಜಯ್ಯನವರು.

ಅಂಗಳದೊಳಗೆ ಹೋದೆ. ಮೊದಲ ಕಂಬ, ಎರಡನೆಯದು, ತಿರುವು. ನೀಲಿ ಕಂಬಕ್ಕೆ ಕೆಂಚಿಯ ಹಿಂಗಾಲು ತಾಕಿ ಅದು ಬಿತ್ತು. ನಾಲ್ಕು ಅಂಕ ಹೋಯಿತು. ಹೋಗಲಿ ಎಂದುಕೊಂಡೆ. ಕೊನೆಯದನ್ನು ಹಾರಿ ಗೆರೆ ದಾಟಿದಾಗ ಯಾರೋ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಗೇಟು ದಾಟಿ ನೆಲಕ್ಕೆ ಹಾರಿದೆ. ಶಿವನಂಜಯ್ಯನವರು ಆಗಲೇ ಬಕಲ್ಲಿಗೆ ಕೈ ಹಾಕಿದ್ದರು. ಒಂದು ಬಿಚ್ಚಿತು. ಬೆವರಿಗೆ ನೆನೆದ ಇನ್ನೊಂದು ಬಿಗಿದುಕೊಂಡಿತ್ತು.

"ಬರ್ತಾ ಇಲ್ವಾ?" ರೂಪ ಬಾದಾಮಿಯ ಜೀನು ಒತ್ತಿ ಹಿಡಿದಿದ್ದಳು.

"ತಡಿ, ತಡಿ."

ಮೈಕಿನಲ್ಲಿ ರೂಪಳ ಹೆಸರು ಕರೆದರು. ನಾನು ಗೇಟಿನ ಗೂಟದ ಮೇಲೆ ಹತ್ತಿ ನಿಂತೆ. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಹಿಂದೆ ಗೌರಕ್ಕ, "ಕೂಗಮ್ಮಿ!" ಎಂದಳು. ಗಂಟೆಯ ಹಗ್ಗ ಅಲುಗಿದ್ದು ಡೇರೆಯ ಸಂದಿನಲ್ಲಿ ಕಂಡಿತು.

"ತಡೀರಿ! ಗಂಟೆ ಹೊಡೀಬ್ಯಾಡಿ! ಇನ್ನೂ ಆಗಿಲ್ಲ, ತಡೀರಿ!"

ಹುಣಸೆ ಮರದಿಂದ ಕೊಕ್ಕರೆಗಳು ಎದ್ದವು. ಹಗ್ಗ ನಿಂತಿತು. ನಾನು ನಿಲ್ಲಿಸಲಿಲ್ಲ. ಸುಮ್ಮನಾದರೆ ಹೊಡೆದುಬಿಡುತ್ತಾರೆ ಎಂಬ ಭಯಕ್ಕೆ ಕೂಗುತ್ತಲೇ ಇದ್ದೆ. ಬಕಲ್ಲು ಬಿಚ್ಚಿತು, ತಡೀರಿ. ಕಟ್ತಾ ಇದ್ದಾರೆ, ತಡೀರಿ. ಹತ್ತಿದ್ರು, ಒಂದೇ ನಿಮಿಷ. ನೋಡುತ್ತಿದ್ದವರು ನಗತೊಡಗಿದರು. ಕ್ರಿಕೆಟ್ ಕಾಮೆಂಟ್ರಿ ಕಣ್ಲಾ ಎಂದು ಯಾರೋ ಅಂದರು.

"ಈಗ ಸರಿ! ಹೊಡೀರಿ!"

ಗಂಟೆ ಹೊಡೆಯಿತು. ರೂಪ ಒಳಗೆ ಹೋದಳು. ಒಂದು ಕಂಬವನ್ನೂ ಬೀಳಿಸಲಿಲ್ಲ. ಅವಳ ಮುಂದಿದ್ದ ಇಬ್ಬರಲ್ಲಿ ಒಬ್ಬರು ಒಂದು ಬೀಳಿಸಿದರು, ಇನ್ನೊಬ್ಬರು ಬೀಳಿಸಲಿಲ್ಲ. ರೂಪ ಎರಡನೆಯವಳಾದಳು. ನಾನು ಆರನೆಯವಳು. ಗೌರಕ್ಕ ಕೆಂಚಿಯ ಬೆನ್ನಿನಿಂದ ಜೀನು ಇಳಿಸಿ, ತನ್ನ ಸೆರಗಿನಿಂದಲೇ ಅವಳ ಕುತ್ತಿಗೆ ಒರೆಸುತ್ತಿದ್ದಳು.

ಶಿವನಂಜಯ್ಯನವರು ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಬಂದರು.

"ಮುಗಿಸ್ದೆ ಅಲ್ವಾ?"

"ಮುಗಿಸ್ದೆ ಸಾ." ಕೂಗಿ ಕೂಗಿ ದನಿ ಒಡೆದಿತ್ತು.

"ಮೈಸೂರಿಗೆ ಸೋಮವಾರ ಫೋನ್ ಮಾಡಾಣ. ನಂಬರ್ ನಾನು ಒತ್ತಿಕೊಡ್ತೀನಿ. ಮಾತಾಡೋದು ನೀನು."

ನಾನು ಎಂದಿನಂತೆ ತಲೆಯಾಡಿಸಿದೆ. ಅವರು ನೋಡದವರಂತೆ ಬೆಟ್ಟದ ಕಡೆ ಮುಖ ಮಾಡಿ ಕಾಯುತ್ತ ನಿಂತರು.

"ಆಯ್ತು ಸಾ," ಎಂದೆ. "ಮಾತಾಡ್ತೀನಿ."