ಅವಳ ಬದಲು ಇವಳು

ಒಂದೇ ಬಸಿರಲ್ಲಿ ಬಂದ ಇಬ್ಬರಲ್ಲಿ ಮೊದಲು ಹೊರಬಿದ್ದವಳು ದೊಡ್ಡು, ಅವಳ ಬೆನ್ನಿಗೇ ಬಂದವಳು ಚಿಕ್ಕು. ಮೂಗು, ಗಲ್ಲ, ಮುಂದಿನ ಹಲ್ಲಿನ ಸಂದು ಎಲ್ಲವೂ ಅಚ್ಚು ಹೊಡೆದ ಹಾಗೆ. ಅಕ್ಷರಗಳಿಗೆ ಮಾತ್ರ ಇಬ್ಬರೂ ಒಂದೇ ಅಲ್ಲ. ದೊಡ್ಡುವಿನ ಕಾಲಿಗೆ ಅವು ಸಾಕಿದ ಬೆಕ್ಕಿನಂತೆ ಸುತ್ತಿಕೊಳ್ಳುತ್ತಿದ್ದವು. ಚಿಕ್ಕುವನ್ನು ಕಂಡರೆ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು.

"ಇವಳಿಗೆ ನಿಜವಾಗ್ಲೂ ಓದೋಕೆ ಬರಲ್ವೋ, ಬರೀ ಸೊಕ್ಕೋ, ಟೆಸ್ಟ್ ಮಾಡಿಸ್ಕೊಂಡು ಬನ್ನಿ. ಆಮೇಲೆ ಈ ಶಾಲೆಯೋ ಬೇರೆ ಶಾಲೆಯೋ ನೋಡೋಣ" ಎಂದು ಕ್ಲಾಸ್ ಟೀಚರ್ ಅಮ್ಮನಿಗೆ ಹೇಳಿದ್ದನ್ನು ಇಬ್ಬರೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಬೇರೆ ಶಾಲೆ ಎಂಬ ಮಾತು ಕೇಳಿದ್ದೇ ಚಿಕ್ಕು ಅಳತೊಡಗಿದಳು. ಊಟ ಸೇರಲಿಲ್ಲ.

"ಅಳಬೇಡ ಕಣೇ, ನಿನ್ ಬದಲು ನಾನೇ ಹೋಗ್ತೀನಿ" ಎಂದಳು ದೊಡ್ಡು. ವೇಷ ಮರೆಸಿಕೊಂಡು ರಾಕ್ಷಸನ ಗುಹೆಗೆ ಹೊರಟ ರಾಜಕುಮಾರಿಯ ಗತ್ತು ಅವಳಿಗೆ.

ಟೆಸ್ಟಿನ ದಿನ ಅಮ್ಮನಿಗೆ ರಜೆ ಸಿಗದೆ ಅಪ್ಪ ಇಬ್ಬರನ್ನೂ ಆಸ್ಪತ್ರೆಗೆ ಕರೆತಂದಿದ್ದು ಅನುಕೂಲವೇ ಆಯಿತು. ಬೇಕರಿಯಲ್ಲಿ ರಾತ್ರಿಯೆಲ್ಲ ಹಿಟ್ಟು ನಾದಿ ಬಂದವನು, ಕಿವಿಯ ಹಿಂದಿನ ಹಿಟ್ಟನ್ನೂ ತೊಳೆಯದೆ ಬೆಂಚಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಒಳಗಿನಿಂದ ಚಿಕ್ಕುವನ್ನು ಕರೆದರು. ದೊಡ್ಡು ಎದ್ದುಹೋದಳು.

ಕೋಣೆಯಲ್ಲಿ ಗುಹೆಯ ಲಕ್ಷಣವೇ ಇರಲಿಲ್ಲ. ಒಂದು ಮೇಜು, ಬಣ್ಣದ ಮರದ ತುಂಡುಗಳು, ಒಂದು ಸ್ಟಾಪ್‌ವಾಚು, ಅದರಾಚೆ ಬೆಳ್ಳಿ ಕೂದಲಿನ ಮೇಡಂ. ಆಕೆ ಬೈಯಲೂ ಇಲ್ಲ, ಭೇಷ್ ಅನ್ನಲೂ ಇಲ್ಲ. ಸರಿ ಹೇಳಿದರೂ "ಮುಂದಕ್ಕೆ", ತಪ್ಪು ಹೇಳಿದರೂ "ಮುಂದಕ್ಕೆ". ಆ ಮುಖ ನೋಡಿ ದೊಡ್ಡುವಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಇವು ಸುಳ್ಳು ಪದಗಳು, ಅರ್ಥ ಹುಡುಕಬೇಡ. ಇದ್ದ ಹಾಗೇ ಓದು" ಎಂದು ಮೇಡಂ ಒಂದು ಹಾಳೆ ಇಟ್ಟು ಸ್ಟಾಪ್‌ವಾಚು ಒತ್ತಿದರು.

"ತಬಿಲು, ಮುಗೆರಿ, ಗ್ರೋಪಟ, ಸಂದ್ವಿಕೆ..." ಇಳಿಜಾರಿನಲ್ಲಿ ಸೈಕಲ್ ಬಿಟ್ಟಂತೆ ಓದಿ ಮುಗಿಸಿದಳು.

ಮೇಡಂ ಏನೋ ಬರೆದುಕೊಂಡರು. ತಡೆಯಲಾಗದೆ ದೊಡ್ಡು ಕೇಳಿದಳು. "ಪಾಸಾ ಮೇಡಂ?"

"ಇದರಲ್ಲಿ ಪಾಸು ಫೇಲು ಇಲ್ಲ ಮರೀ. ಓದೋಕೆ ಕಷ್ಟ ಇದ್ರೆ ಯಾವ ಕಷ್ಟ ಅಂತ ಹುಡುಕ್ತೀವಿ. ಅದು ಸಿಕ್ಕಿದ್ರೆ ಬೇರೆ ಥರ ಹೇಳಿಕೊಡ್ತಾರೆ, ಪರೀಕ್ಷೇಲಿ ಜಾಸ್ತಿ ಹೊತ್ತು ಕೊಡ್ತಾರೆ."

"ಸಿಗದಿದ್ರೆ?"

"ಕಷ್ಟ ಏನೂ ಇಲ್ಲ ಅಂತ ಬರೀತೀನಿ, ಅಷ್ಟೆ."

ಅಷ್ಟೆ! ಆ ಕಾಗದ ಹಿಡಿದು ಟೀಚರ್ ಕ್ಲಾಸಿನ ನಡುವೆ ನಿಲ್ಲುವುದು ದೊಡ್ಡುವಿನ ಕಣ್ಣಿಗೆ ಕಟ್ಟಿತು. "ನೋಡಿ, ಸೊಕ್ಕೇ, ನಾನಂದಿರಲಿಲ್ವಾ?" ಎನ್ನುತ್ತಾರೆ. ಇನ್ನು ದಿನಾ ಚಿಕ್ಕುವನ್ನು ಎದ್ದು ನಿಲ್ಲಿಸುತ್ತಾರೆ. ಬರುವುದಿಲ್ಲ ಎಂದರೆ ಇನ್ನು ಯಾರೂ ನಂಬುವುದಿಲ್ಲ. ತಂಗಿಯನ್ನು ಉಳಿಸಲು ಬಂದವಳು ಅವಳನ್ನು ತಾನೇ ಕೈಯಾರೆ ರಾಕ್ಷಸನ ಬಾಯಿಗೆ ನೂಕಿದ ಹಾಗಾಯಿತಲ್ಲ.

ಮುಂದಿನ ಹಾಳೆ ಬಂತು, ಈ ಸಲ ನಿಜವಾದ ಪದಗಳು. ಹೇಗಾದರೂ ಕೆಡಿಸಬೇಕು. "ಬಲ್ಲಿ... ಅಲ್ಲ, ಕುದುರೆ. ಆಮೇಲೆ... ಮೇಜು" ಎಂದಳು ದೊಡ್ಡು. ಮುಂದಿನದಕ್ಕೆ "ಗೊತ್ತಿಲ್ಲ" ಎಂದಳು, ಅದರ ಮುಂದಿನದಕ್ಕೂ ಅದನ್ನೇ.

ಸ್ಟಾಪ್‌ವಾಚು ನಿಂತಿತು. ಮೇಡಂ ಪೆನ್ನು ಕೆಳಗಿಟ್ಟರು.

"ನಿಜವಾಗ್ಲೂ ಬರದೇ ಇರೋರು ಸುಸ್ತಾಗ್ತಾರೆ ಕಂದಾ. ಬೆರಳಿಟ್ಕೊಂಡು ಹುಡುಕ್ತಾರೆ, ಬೆವರ್ತಾರೆ. ನಿನ್ ತಪ್ಪುಗಳಿಗೆ ಸುಸ್ತೇ ಇಲ್ಲ." ಅವರು ಫೈಲಿನ ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಅವಳಿ ಅಂತ ಬರೆದಿದೆ. ನೀನು ಯಾರು?"

ದೊಡ್ಡು ಬಾಗಿಲ ಕಡೆ ನೋಡಿದಳು. "ದೊಡ್ಡು. ನಮ್ಮ ಚಿಕ್ಕು ಹೊರಗಿದಾಳೆ. ಅವಳನ್ನ ಬೇರೆ ಶಾಲೆಗೆ ಕಳಿಸ್ಬೇಡಿ ಮೇಡಂ, ಅವಳಿಗೆ ನಾನಿಲ್ದೆ ಆಗಲ್ಲ."

"ಯಾವ ಶಾಲೆ ಅಂತ ನಾನು ಬರೆಯೋದಿಲ್ಲ. ಅದನ್ನ ನಿಮ್ಮ ಅಪ್ಪ ಅಮ್ಮ, ಟೀಚರ್ ಮಾತಾಡ್ಕೋಬೇಕು. ಅವಳಿಗೆ ಏನಾಗ್ತಿದೆ ಅಂತ ಬರೀತೀನಿ. ಅದಕ್ಕೆ ಅವಳೇ ಬರಬೇಕು." ಹಾಳೆಗಳನ್ನು ಜೋಡಿಸುತ್ತ ಕೇಳಿದರು. "ಇಲ್ಲಿರೋದೇನಾದ್ರೂ ಅವಳಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ಒಂದಕ್ಷರಾನೂ ಹೇಳಬೇಡ. ಹೇಳಿದ್ರೆ ಎಲ್ಲ ಕೆಟ್ಟುಹೋಗುತ್ತೆ, ಮತ್ತೆ ಎಷ್ಟೋ ತಿಂಗಳು ಕಾಯ್ಬೇಕು."

ದೊಡ್ಡು ಹೊರಬಂದಳು. ಚಿಕ್ಕು ಬೆಂಚಿನಿಂದ ಜಿಗಿದು ಬಂದು ತೋಳು ಹಿಡಿದಳು.

"ಮುಗೀತಾ? ಬಚಾವಾ?"

"ನಿನ್ನನ್ನೇ ಕರೀತಿದಾರೆ."

ಚಿಕ್ಕು ಹಿಡಿತ ಬಿಗಿಮಾಡಿದಳು. "ಸಿಕ್ಕಿಬಿದ್ಯಾ?"

"ನಾನೇ ಹೇಳ್ದೆ."

"ಮೋಸಗಾತಿ!" ಚಿಕ್ಕು ಪಿಸುಗುಟ್ಟಿದಳು. "ಏನು ಕೇಳ್ತಾರೆ ಒಳಗೆ? ಅದನ್ನಾದ್ರೂ ಹೇಳೇ. ಒಂದೇ ಒಂದು."

ತಬಿಲು, ಮುಗೆರಿ, ಎಲ್ಲವೂ ದೊಡ್ಡುವಿನ ನಾಲಿಗೆಯ ತುದಿಗೆ ಬಂದು ನಿಂತವು. ಅವಳು ಹಲ್ಲು ಕಚ್ಚಿ ತಲೆಯಾಡಿಸಿದಳು. ಚಿಕ್ಕು ಅವಳ ತೋಳು ಬಿಟ್ಟು, ಹಿಂದಿರುಗಿ ನೋಡದೆ ಒಳಗೆ ಹೋದಳು.

ಬಾಗಿಲು ಪೂರ್ತಿ ಹಾಕಿಕೊಳ್ಳಲಿಲ್ಲ. ಮರದ ತುಂಡುಗಳ ಸದ್ದು ಬಂತು, ನಿಂತಿತು. ಎಷ್ಟೋ ಹೊತ್ತಿನ ಮೇಲೆ ಹಾಳೆ ಸರಿದ ಸದ್ದು.

"ತ..." ಎಂದಳು ಚಿಕ್ಕು. ನಿಂತಳು. "ತ... ತಲಿ... ಅಲ್ಲ." ಮತ್ತೆ ಮೊದಲಿನಿಂದ ಶುರು ಮಾಡಿದಳು. ಆ ಉಸಿರು ಬಾಗಿಲಾಚೆಗೂ ಕೇಳುತ್ತಿತ್ತು, ಭಾರ ಹೊತ್ತು ಮೆಟ್ಟಿಲು ಹತ್ತುವವರ ಉಸಿರು.

ದೊಡ್ಡು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತಂಗಿಯ ಉಸಿರಿನ ಜೊತೆಗೇ ತಾನೂ ಉಸಿರು ಬಿಗಿಹಿಡಿದು ಗೋಡೆಗೊರಗಿ ನಿಂತಳು.

"ಮುಂದಕ್ಕೆ" ಎಂದಿತು ಒಳಗಿನ ದನಿ, ಮೆಲ್ಲಗೆ.