ಆವರಣದೊಳಗಿನ ಸಾಲು

"ಕಣ್ಣೊರೆಸಿಕೊಂಡು ಹೋಗುವಳು," ಎಂದು ರಾಣಿಯ ವೇಷದಲ್ಲಿದ್ದ ಅಕ್ಕ, ಸತ್ತ ಮಗನ ಮುಂದೆ ನಿಂತು ಗಟ್ಟಿಯಾಗಿ ಹೇಳಿಬಿಟ್ಟಳು. ನಾಟಕಶಾಲೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮುಂದಿನ ಕುರ್ಚಿಗಳವರೆಗೂ ಹಬ್ಬಿತು. ಹೆಣವಾಗಿ ಮಲಗಿದ್ದವನ ಹೊಟ್ಟೆಯೂ ಕುಲುಕಿತು.

ರಂಗದ ಪಕ್ಕದ ಮರೆಯಲ್ಲಿ ನಾಟಕದ ಪ್ರತಿ ಹಿಡಿದು ಕೂತಿದ್ದ ತಂಗಿ ತಾನೀಗ ಉಸುರಿದ ಸಾಲನ್ನು ಮತ್ತೆ ನೋಡಿದಳು. ಅದು ಆಡುವ ಮಾತಲ್ಲ, ಆವರಣ ಚಿಹ್ನೆಯೊಳಗೆ ಬರೆದ ರಂಗಸೂಚನೆ. ನಟರು ಮರೆತ ಮಾತಿನ ಮೊದಲೆರಡು ಪದ ಉಸುರುವುದಷ್ಟೇ ಅವಳ ಕೆಲಸ. ಆದರೆ ಎರಡು ತಿಂಗಳಿಂದ ಅಕ್ಕನಿಗೆ ಎಲ್ಲಿ ಕೂರಬೇಕು, ಯಾವಾಗ ಹೊರಡಬೇಕು ಎಂಬುದೂ ಮರೆಯುತ್ತಿತ್ತು. ತಂಗಿ ಯಾರಿಗೂ ತಿಳಿಯದಂತೆ ಸೂಚನೆಗಳನ್ನೂ ಉಸುರತೊಡಗಿದ್ದಳು.

ಆ ಸೂಚನೆಗಳು ಕಂಪನಿಯಲ್ಲಿ ಎಂದೋ ಮನೆಮಾತಾಗಿದ್ದವು. ಊಟ ಮುಗಿದರೆ "ಎಲ್ಲರೂ ತೆರಳುವರು". ಯಾರಾದರೂ ಮುನಿಸಿಕೊಂಡರೆ "ಮುಖ ತಿರುಗಿಸುವಳು". ನಾಟಕದ ಮುಖವನ್ನೇ ನೋಡದ ಎದುರಂಗಡಿಯ ಕ್ಷೌರಿಕ ಕೂಡ ಗಿರಾಕಿ ಎದ್ದರೆ "ನಿಷ್ಕ್ರಮಣ" ಎನ್ನುತ್ತಿದ್ದ. ಇದನ್ನೆಲ್ಲ ಹಬ್ಬಿಸಿದವಳು ಅಕ್ಕನೇ.

ತೆರೆ ಬಿದ್ದ ಮೇಲೆ ಕಂಪನಿಯ ಯಜಮಾನರು ಬಂದು ತಪ್ಪು ಯಾರದೆಂದು ಕೇಳಿದರು. ರಾಣಿಯ ಪಾತ್ರವನ್ನು ಬೇರೆಯವರಿಗೆ ಕೊಡಲು ಮನಸ್ಸು ಮಾಡಿಕೊಂಡೇ ಬಂದಂತಿತ್ತು. ಮೂವತ್ತು ವರ್ಷ ರಂಗವನ್ನು ಆಳಿದ ಅಕ್ಕನ ಮುಖದಲ್ಲಿ ಅಂಥ ಭಯವನ್ನು ತಂಗಿ ಎಂದೂ ಕಂಡಿರಲಿಲ್ಲ. ಅವಳು ಪ್ರತಿ ಹಿಡಿದುಕೊಂಡೇ ಮುಂದೆ ಬಂದಳು.

"ನಂದೇ ತಪ್ಪು. ಸಾಲು ತಪ್ಪಿ ಓದಿಬಿಟ್ಟೆ. ನಾನು ಹೇಳ್ಕೊಟ್ಟಿದ್ದನ್ನ ಅಕ್ಕ ಹೇಳಿದಳು, ಅಷ್ಟೇ."

ನಾಳೆಯಿಂದ ಪ್ರತಿ ಹಿಡಿಯಲು ಬೇರೆಯವರು ಬರುತ್ತಾರೆ ಎಂದು ಹೇಳಿ ಯಜಮಾನರು ಹೊರಟುಹೋದರು. ಅಕ್ಕನ ಪಾತ್ರ ಉಳಿಯಿತು. ಆದರೆ ಹೊಸಬರು ಮಾತನ್ನಷ್ಟೇ ಹೇಳಿಕೊಡುತ್ತಾರೆ. ಕೂರು, ಏಳು, ಹೊರಡು ಎನ್ನುವವರು ಯಾರು? ಉಳಿಸಹೋಗಿ ನಡುನೀರಿನಲ್ಲಿ ಕೈಬಿಟ್ಟಂತಾಯಿತಲ್ಲ ಎಂದು ತಂಗಿಗೆ ಸಂಕಟವಾಯಿತು.

ಬಣ್ಣದ ಕೋಣೆಯಲ್ಲಿ ಅಕ್ಕ ಕನ್ನಡಿಯ ಮುಂದೆ ಕೂತು ಮುಖವೊಡ್ಡಿದಳು. ತಂಗಿ ಬಣ್ಣ ಒರೆಸಲು ಎಣ್ಣೆಬಟ್ಟೆ ತೆಗೆದುಕೊಂಡಳು. ಇಷ್ಟು ವರ್ಷದ ಮಾನ ಒಂದೇ ಸಾಲಿಗೆ ಹರಾಜಾಯಿತು, ಮೊದಲು ಹೋಗಿ ಕಣ್ಣು ತೋರಿಸಿಕೋ ಎಂದು ಅಕ್ಕ ಬೈದಳು. ತಂಗಿ ಆಗಲಿ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ದನಿ ಇಳಿಯಿತು.

"ನನ್ನ ತಲೆಗೇ ಏನೋ ಆಗಿದೆ ಅಂತ ಹೆದರಿಬಿಟ್ಟಿದ್ದೆ ಕಣೆ. ನಿಂದೇ ತಪ್ಪು ತಾನೆ?"

"ನಂದೇ ಕಣಕ್ಕ."

ಅಕ್ಕ ಸಮಾಧಾನದಿಂದ ಕಣ್ಣು ಮುಚ್ಚಿದಳು. ಎಡಗೆನ್ನೆಯ ಬಣ್ಣ ಆಗಲೇ ಹೋಗಿತ್ತು. ತಂಗಿ ಇನ್ನೂ ಆ ಕೆನ್ನೆಯನ್ನೇ ಒರೆಸುತ್ತಿದ್ದಳು.